ಬಿದ್ದು ನೆಗ್ಗಿದ ಹಿತ್ತಾಳೆಯ ಮಾದರಿ ರೈಲು ಇಂಜಿನ್ ಸರಿ ಮಾಡುವುದು ಹೇಗೆ?

ಜಪಾನಿ ಹಿತ್ತಾಳೆ ಇಂಜಿನ್, ಕೆಳಗೆ ಬಿದ್ದು ಕ್ಯಾಬ್ (ಡ್ರೈವರ್ ನಿಲ್ಲುವ ಗೂಡು) ನೆಗ್ಗಿದೆ, ಓಡುತ್ತಲೂ ಇಲ್ಲ. ಅಂಟು ಹಾಕಲಾ, ಬೆಸುಗೆ ಹಾಕಲಾ, ಹುಣಸೆಹಣ್ಣಿನಲ್ಲಿ ಉಜ್ಜಿ ಪಳಪಳ ಮಾಡಿದರೆ ಒಳ್ಳೆ ಬೆಲೆ ಬರುತ್ತಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಮಿಕಾಡೊ ಸ್ಟೀಮ್ ಇಂಜಿನ್ ಮಾದರಿಯೇ ಕಣ್ಣ ಮುಂದೆ ಬಂತು.

ಪೆನ್ಸಿಲ್ವೇನಿಯಾದಲ್ಲಿ ಕೆಲಸದಲ್ಲಿದ್ದಾಗ ಒಂದು ಟ್ರೈನ್ ಶೋನಲ್ಲಿ ಸಿಕ್ಕಿದ್ದು ಅದು. 2-8-2, ಅಂದರೆ ಮುಂದೆ ಎರಡು ಸಣ್ಣ ಚಕ್ರ, ನಡುವೆ ಎಂಟು ದೊಡ್ಡ ಚಕ್ರ, ಹಿಂದೆ ಮತ್ತೆರಡು; ಚಕ್ರಗಳ ಈ ಜೋಡಣೆಗೇ ಮಿಕಾಡೊ ಅನ್ನುವುದು. ಎಚ್‌ಒ ಅಳತೆ: ನಿಜವಾದ ಇಂಜಿನ್ನಿನ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್. ಎರಡನೇ ಮಹಾಯುದ್ಧದ ನಂತರ ಜಪಾನಿನ ಸಣ್ಣ ಕಾರ್ಖಾನೆಗಳಲ್ಲಿ ತಗಡು ಕತ್ತರಿಸಿ, ತಂತಿ ಬಗ್ಗಿಸಿ, ಒಂದೊಂದು ಪೈಪನ್ನೂ ಕೈಯಲ್ಲೇ ಬೆಸೆದು ಇವನ್ನು ಮಾಡುತ್ತಿದ್ದರು. ಪೆಸಿಫಿಕ್ ಫಾಸ್ಟ್ ಮೇಲ್‌ನಂಥ ಕಂಪನಿಗಳು ಅಮೆರಿಕಕ್ಕೆ ತರಿಸಿ ಮಾರುತ್ತಿದ್ದವು. ಆಮೇಲೆ ಈ ಕೆಲಸ ಹೆಚ್ಚಾಗಿ ಕೊರಿಯಾಗೆ ಹೋಯಿತು. ನನಗೆ ಸಿಕ್ಕಿದ್ದರ ಕ್ಯಾಬ್ ಚಾವಣಿಯ ಒಂದು ಮೂಲೆ ಕೆಳಗೆ ಕುಸಿದಿತ್ತು. ಕಿಟಕಿಯ ಕೆಳಗಿನ ತಗಡು ಒಳಕ್ಕೆ ಮಡಚಿಕೊಂಡಿತ್ತು. ನಿಮ್ಮದೂ ಹೆಚ್ಚುಕಡಿಮೆ ಹಾಗೇ ಅಲ್ವಾ?

ನಾನು ಮಾಡಿದ್ದು ಇಷ್ಟು. ಏನನ್ನೂ ಬಿಚ್ಚದೆ, ಇಕ್ಕಳ ತಗೊಂಡು ಆ ಮಡಿಕೆಯನ್ನು ಹೊರಕ್ಕೆ ಎಳೆದೆ. ಪೂರ್ತಿ ನೆಟ್ಟಗಾಗಲಿಲ್ಲ. ಸ್ವಲ್ಪ ಒಳಕ್ಕೆ ಒತ್ತಿ ಮತ್ತೆ ಎಳೆದೆ. ಮತ್ತೆ ಒತ್ತಿದೆ. ಕಿಟಕಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಮುಂದಿನ ಎಳೆತಕ್ಕೆ ಅದು ಅಂಚಿನವರೆಗೂ ಹೋಯಿತು.

ಯಾಕೆ ಹೀಗಾಯಿತು ಅನ್ನುವುದು ನಿಮಗೆ ಗೊತ್ತಿರಲೇಬೇಕು, ಅದಕ್ಕೇ ಉದ್ದಕ್ಕೆ ಹೇಳುತ್ತೇನೆ. ಹಿತ್ತಾಳೆ ಬಗ್ಗಿದಾಗಲೆಲ್ಲ, ಬಗ್ಗಿದ ಜಾಗದಲ್ಲಿ ಗಡುಸಾಗುತ್ತದೆ. ಅಂದರೆ ಕೆಳಗೆ ಬಿದ್ದಾಗ ಆದ ಮಡಿಕೆ ಈಗಾಗಲೇ ಪಕ್ಕದ ತಗಡಿಗಿಂತ ಗಟ್ಟಿ. ನೀವು ತಣ್ಣಗಿರುವಾಗಲೇ ವಾಪಸ್ ಎಳೆದರೆ ಮಡಿಕೆ ಬಿಚ್ಚಿಕೊಳ್ಳುವುದಿಲ್ಲ, ಅದರ ಪಕ್ಕದ ಮೆತ್ತಗಿನ ಜಾಗ ಬಗ್ಗುತ್ತದೆ. ಈಗ ಒಂದು ಸೊಟ್ಟಿನ ಬದಲು ಅಲೆ ಅಲೆಯಾಗಿ ಮೂರು ಸೊಟ್ಟು. ಅದನ್ನು ಸರಿ ಮಾಡಲು ಹೋದಷ್ಟೂ ಎಲ್ಲ ಕಡೆ ಗಡುಸಾಗುತ್ತಾ ಹೋಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ನಾನು ಕ್ಯಾಬಿಗೆ ಮಾಡಿದ್ದು ಅದನ್ನೇ. ಕಿಟಕಿಯ ಮೂಲೆಯಲ್ಲೇ ಸೀಳಿದ್ದಕ್ಕೂ ಕಾರಣವಿದೆ. ಚೂಪು ಮೂಲೆಯಲ್ಲಿ ಎಳೆತವೆಲ್ಲ ಬಂದು ಸೇರುತ್ತದೆ. ಬಿರುಕನ್ನು ಹಿಂದಿನಿಂದ ಪಟ್ಟಿ ಕೊಟ್ಟು ಬೆಸೆಯಬಹುದಿತ್ತು. ಆದರೆ ಇಕ್ಕಳದ ಹಲ್ಲು ಕಿಟಕಿಯ ಕೆಳಗಿನ ರಿವೆಟ್ ಸಾಲನ್ನು ಸವರಿಬಿಟ್ಟಿತ್ತು. ತಗಡು ಇಂಜಿನ್ನಿಗೆ ಜೋಡಿಸಿರುವಾಗ ಆ ಸಣ್ಣ ಉಬ್ಬುಗಳನ್ನು ಮತ್ತೆ ಎಬ್ಬಿಸಲು ಆಗುವುದಿಲ್ಲ. ಕೊನೆಗೆ ಆ ಪಕ್ಕವನ್ನೇ ಹೊಸ ತಗಡಿನಲ್ಲಿ ಮಾಡಬೇಕಾಯಿತು. ಒಂದಿಡೀ ಚಳಿಗಾಲ ಹಿಡಿಯಿತು. ಇವತ್ತಿಗೂ ಎಡಗಡೆಯಿಂದ ನೋಡಿದರೆ ಗೊತ್ತಾಗುತ್ತದೆ.

ಸರಿಯಾದ ದಾರಿ ಬೇರೆ ಇತ್ತು. ಕ್ಯಾಬನ್ನು ಮೊದಲು ಬಾಯ್ಲರಿನಿಂದ ಬಿಡಿಸಬೇಕು. ಬಾಯ್ಲರ್ ಸಾಮಾನ್ಯವಾಗಿ ಕೆಳಗಿನಿಂದ ಸ್ಕ್ರೂನಲ್ಲಿ ಕೂತಿರುತ್ತದೆ, ಒಂದು ಸಿಲಿಂಡರ್ ಹತ್ತಿರ, ಇನ್ನೊಂದು ಹಿಂದೆ. ಕ್ಯಾಬ್ ಮಾತ್ರ ಎಷ್ಟೋ ಮಾಡೆಲ್‌ಗಳಲ್ಲಿ ಬೆಸೆದಿರುತ್ತಾರೆ. ಅದನ್ನು ಬಿಡಿಸಲು ಸಣ್ಣ ಸಾಲ್ಡರಿಂಗ್ ಐರನ್ ಬೇಡವೇ ಬೇಡ. 25 ವ್ಯಾಟಿನದು ಸುರಕ್ಷಿತ ಅನಿಸುತ್ತದೆ, ಆದರೆ ಹಿತ್ತಾಳೆ ಶಾಖವನ್ನು ಎಳೆದುಕೊಂಡು ಇಡೀ ಬಾಯ್ಲರಿಗೆ ಹಂಚುತ್ತದೆ. ನಿಮ್ಮ ಜೋಡಣೆ ಕರಗುವಷ್ಟರಲ್ಲಿ ಪಕ್ಕದ ಪೈಪುಗಳೂ ಉದುರುತ್ತವೆ. ದಪ್ಪ ಮೂತಿಯ 80–100 ವ್ಯಾಟಿನದು ತಗೊಳ್ಳಿ, ಸುತ್ತಲಿನ ಭಾಗಗಳಿಗೆ ಒದ್ದೆ ಟಿಶ್ಯೂ ಸುತ್ತಿ, ಮುಟ್ಟಿಸಿ, ಕರಗಿದ ತಕ್ಷಣ ತೆಗೆಯಿರಿ.

ಬಿಡಿಸಿದ ಮೇಲೆ ಮರದ ತುಂಡನ್ನು ಕ್ಯಾಬಿನ ಒಳಗೆ ಕೂರುವ ಹಾಗೆ ಕೆತ್ತಿಕೊಳ್ಳಿ. ಅದರ ಮೇಲಿಟ್ಟು, ನುಣುಪಾದ ದುಂಡು ಉಕ್ಕಿನ ಕಡ್ಡಿಯಿಂದ ನೆಗ್ಗಿನ ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಉಜ್ಜುತ್ತಾ ಬನ್ನಿ. ಮಡಿಕೆ ತುಂಬಾ ಚೂಪಾಗಿದ್ದರೆ ಮಾತ್ರ ಕಾಯಿಸಬೇಕು. ಹಳೆಯ ಬೆಸುಗೆಯ ಸೀಸವನ್ನೆಲ್ಲ ಕೆರೆದು ತೆಗೆದು, ಮಬ್ಬು ಬೆಳಕಿನಲ್ಲಿ ತಗಡು ಮಸುಕಾಗಿ ಕೆಂಪಾಗುವವರೆಗೆ ಕಾಯಿಸಿ, ಆರಲು ಬಿಡಿ. ಮತ್ತೆ ಮೆತ್ತಗಾಗುತ್ತದೆ. ನಮ್ಮ ಕಡೆ ಬೋಗಾರರು ಪಾತ್ರೆ ಬಡಿಯುತ್ತಾ ನಡುನಡುವೆ ಬೆಂಕಿಗೆ ಹಿಡಿಯುವುದು ಇದಕ್ಕೇ. ಸೀಸ ಉಳಿದಿರುವಾಗ ಕೆಂಪಗೆ ಕಾಯಿಸಿದರೆ ಅದು ಹಿತ್ತಾಳೆಯೊಳಕ್ಕೆ ಇಳಿದು ತಿಂದುಹಾಕುತ್ತದೆ. ಕ್ಯಾಬ್ ಇಂಜಿನ್ ಮೇಲಿರುವಾಗ ಕಾಯಿಸುವ ಮಾತೇ ಇಲ್ಲ.

ಅಂಟೋ ಬೆಸುಗೆಯೋ? ಬೆಸುಗೆ. ಆಸಿಡ್ ಫ್ಲಕ್ಸ್ (ಬೆಸುಗೆ ಹಿಡಿಯಲು ಮೊದಲು ಹಚ್ಚುವ ಆಮ್ಲ) ಬಳಸಿದರೆ ಅಡಿಗೆ ಸೋಡಾ ಹಾಕಿದ ನೀರಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಸಂದಿಯಲ್ಲಿ ಕಿಲುಬು ಹಿಡಿಯುತ್ತದೆ.

ಓಡುತ್ತಿಲ್ಲ ಅಂದಿರಿ. ಮೋಟಾರ್ ಸುಟ್ಟಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಈ ಹಳೆಯ ಇಂಜಿನ್ನುಗಳಲ್ಲಿ ಇಂಜಿನ್ನಿನ ಚಕ್ರಗಳು ಒಂದು ಹಳಿಯಿಂದ ಕರೆಂಟ್ ತಗೊಳ್ಳುತ್ತವೆ, ಹಿಂದಿನ ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಬಂಡಿ) ಇನ್ನೊಂದು ಹಳಿಯಿಂದ. ಎರಡನ್ನೂ ಜೋಡಿಸುವ ಕಡ್ಡಿ, ಅಂದರೆ ಡ್ರಾಬಾರ್, ಟೆಂಡರಿನ ಕರೆಂಟನ್ನು ಮೋಟಾರಿಗೆ ತಲುಪಿಸುತ್ತದೆ. ಬಿದ್ದಾಗ ಮುಂದಿನ ಸಣ್ಣ ಚಕ್ರ ಸಿಲಿಂಡರಿಗೆ ತಾಗಿದರೆ ಅಲ್ಲೇ ಶಾರ್ಟ್. ನನ್ನದರಲ್ಲಿ ಇದ್ದದ್ದು ಅಷ್ಟೇ. ಮೋಟಾರಿಗೆ ನೇರವಾಗಿ 12 ವೋಲ್ಟ್ ಡಿಸಿ ಕೊಟ್ಟು ನೋಡಿ. ಅದು ತಿರುಗಿದರೆ ಹಳೆಯ ಗ್ರೀಸ್ ತೆಗೆದು ಹೊಸದು ಹಾಕಿ, ಸಾಕು. ಹಳೆಯ ತೆರೆದ ಮೋಟಾರಿನ ಆರ್ಮೇಚರನ್ನು (ಒಳಗೆ ತಿರುಗುವ ತಂತಿ ಸುತ್ತಿದ ಭಾಗ) ಹೊರಗೆ ಎಳೆಯಬೇಡಿ, ಆ ಕಾಲದ ಆಲ್ನಿಕೊ ಆಯಸ್ಕಾಂತ ಅಷ್ಟಕ್ಕೇ ಶಕ್ತಿ ಕಳೆದುಕೊಳ್ಳುತ್ತದೆ. ಚಕ್ರಗಳನ್ನೂ ಆಕ್ಸಲ್‌ನಿಂದ ಕೀಳಬೇಡಿ. ಎಡ ಬಲದ ಕ್ರ್ಯಾಂಕುಗಳು (ಚಕ್ರದಲ್ಲಿ ರಾಡು ಕೂರುವ ಮೊಳೆಗಳು) 90 ಡಿಗ್ರಿ ಅಂತರದಲ್ಲಿ ಕೂತಿರುತ್ತವೆ, ಒಂದು ತಪ್ಪಿದರೂ ಚಕ್ರಗಳನ್ನು ಜೋಡಿಸುವ ರಾಡುಗಳು ಬಿಗಿಯುತ್ತವೆ.

ಇನ್ನು ಹುಣಸೆಹಣ್ಣು. ದಯವಿಟ್ಟು ಬೇಡ. ಇದು ದೇವರ ಮನೆಯ ದೀಪವಲ್ಲ. ಹುಳಿ ಸಂದಿಗಳಲ್ಲಿ, ಗೇರ್‌ಬಾಕ್ಸಿನಲ್ಲಿ ಉಳಿಯುತ್ತದೆ, ಉಜ್ಜಿದಷ್ಟೂ ರಿವೆಟ್ ಸವೆಯುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ತೆಳುವಾದ ಲ್ಯಾಕರ್ ಬಳಿದಿರುತ್ತಾರೆ, ನಿಮಗೆ ಕಪ್ಪಾಗಿ ಕಾಣುತ್ತಿರುವುದು ಹೆಚ್ಚಾಗಿ ಅದು ಹಾಳಾದ ಜಾಗ. ನನ್ನನ್ನು ಕೇಳಿದರೆ ಬಣ್ಣ ಹಚ್ಚುವುದೇ ಸರಿ. ನಿಜವಾದ ಸ್ಟೀಮ್ ಇಂಜಿನ್ ಕಪ್ಪಗಿತ್ತು, ಚಿನ್ನದ ಹಾಗೆ ಹೊಳೆಯುತ್ತಿರಲಿಲ್ಲ.

ಮಾರುವ ಯೋಚನೆಯನ್ನೂ ಬಿಡಿ ಅಂತಲೇ ಹೇಳುತ್ತೇನೆ. ಸಂಗ್ರಹಕಾರರಿಗೆ ಬೇಕಿರುವುದು ಯಾರೂ ಕೈ ಹಾಕದ, ಮೂಲ ಪೆಟ್ಟಿಗೆಯಲ್ಲಿರುವ ಇಂಜಿನ್. ನೀವು ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಅವರಿಗೆ ಅದು ರಿಪೇರಿ ಆದದ್ದೇ. ಓಡಿಸಲು ಸರಿ ಮಾಡಿ. ನನ್ನದು ಈಗಲೂ ಹನ್ನೆರಡು ಬೋಗಿ ಎಳೆಯುತ್ತದೆ.

ಕ್ಯಾಬ್ ಮುಟ್ಟುವ ಮೊದಲು ಒಳಗಿನಿಂದ ಒಂದು ಫೋಟೋ ಹಾಕಿ. ಬೆಸುಗೆಯ ಗೆರೆ ಎಲ್ಲಿದೆ ಅಂತ ಕಂಡರೆ ಐರನ್ ಎಲ್ಲಿ ಇಡಬೇಕು ಅಂತ ಹೇಳುತ್ತೇನೆ.