ಹಣೆಗೆ ಅಂಟಿಸುವ ಯಂತ್ರ ಮೈಗ್ರೇನ್ ತಡೆಯುತ್ತದೆಯೇ?

ಕೆಲವರಿಗೆ ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಮೈಗ್ರೇನ್ ನೋವು ಮೆದುಳಿಗೆ ಹೋಗುವುದು ಟ್ರೈಜೆಮಿನಲ್ ಎಂಬ ಮುಖದ ನರದ ಮೂಲಕ. ಅದರ ಒಂದು ಕವಲು ಹುಬ್ಬಿನ ಮೇಲೆಯೇ ಹಾಯುತ್ತದೆ. ಸೆಫಾಲಿ ಎಂಬ ಸಾಧನ ದಿನಾ 20 ನಿಮಿಷ ಅಲ್ಲಿಗೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತದೆ. ದಿನ ಕಳೆದಂತೆ ಆ ಹಾದಿಯ ಅತಿಸೂಕ್ಷ್ಮತೆ ತಗ್ಗುತ್ತದೆ ಅನ್ನುವುದು ವೈದ್ಯರ ವಿವರಣೆ. 67 ಮಂದಿಯ ಪ್ರಯೋಗದಲ್ಲಿ, ಮೂರನೇ ತಿಂಗಳಿಗೆ, ಅಸಲಿ ಯಂತ್ರ ಬಳಸಿದವರಲ್ಲಿ ಸುಮಾರು 38% ಜನಕ್ಕೆ ಮೈಗ್ರೇನ್ ದಿನಗಳು ಅರ್ಧವಾದರೂ ಇಳಿದವು. ಹೋಲಿಕೆಗೆಂದು ಹುಸಿ ಯಂತ್ರ ಬಳಸಿದವರಲ್ಲಿ 12% ಜನಕ್ಕಷ್ಟೇ. ದೊಡ್ಡ ಪವಾಡವೇನಲ್ಲ, ಆದರೆ ಮಾತ್ರೆ ಒಗ್ಗದವರಿಗೆ ಒಂದು ದಾರಿ. ಮೈಸೂರು ದಸರಾದ ದೀಪಕ್ಕೆ, ನಿದ್ದೆಗೇಡಿಗೆ ತಲೆ ಸಿಡಿಯುವವರು ಜಂಬೂಸವಾರಿಯ ಹಿಂದಿನ ದಿನ ಶುರುಮಾಡಿದರೆ ಆಗದು, ಎರಡು ಮೂರು ತಿಂಗಳು ಮುಂಚೆಯೇ ಬೇಕು. ಪೇಸ್‌ಮೇಕರ್ ಇದ್ದವರು ಬಳಸಲೇಬಾರದು.