ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ: ಎಂಜಿನ್ ತಣ್ಣಗಿದ್ದಾಗಲೇ ಹೋಗಿ ನೋಡಿ

ಪ್ರಶ್ನೆ: ಸರ್, 2017ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಒಂದು ಬೆಂಗಳೂರಿನಲ್ಲಿ ಮಾರಾಟಕ್ಕಿದೆ. ಪುಣೆ ರಿಜಿಸ್ಟ್ರೇಷನ್, 58 ಸಾವಿರ ಕಿ.ಮೀ. ಓಡಿದೆ. ‘ಸ್ಟೇಜ್ 1 ಮಾಡಿಸಿದ್ದೆ, ಈಗ ತೆಗೆಸಿ ಸ್ಟಾಕ್‌ಗೆ (ಕಂಪನಿಯಿಂದ ಬಂದಿದ್ದ ಸ್ಥಿತಿಗೆ) ತಂದಿದ್ದೇನೆ’ ಎನ್ನುತ್ತಾರೆ ಮಾಲೀಕರು. ತಗೊಳ್ಳಬಹುದಾ? ಏನೇನು ನೋಡಬೇಕು?
– ಓದುಗರು, ಮೈಸೂರು

ಉತ್ತರ: ಕಾರು ಒಳ್ಳೆಯದೇ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್ ಪವರ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಓಡಿಸಲು ನಿಜಕ್ಕೂ ಖುಷಿ. ಆದರೆ ಇಂಥ ಕಾರಿನಲ್ಲಿ ಎಷ್ಟು ಓಡಿದೆ ಅನ್ನುವುದಕ್ಕಿಂತ ಹೇಗೆ ಓಡಿಸಿದ್ದಾರೆ ಅನ್ನುವುದೇ ಮುಖ್ಯ.

ಮೊದಲು ಆ ಸ್ಟೇಜ್ 1 ವಿಷಯ. ಸಾಫ್ಟ್‌ವೇರ್ ಬದಲಿಸಿ, ಟರ್ಬೊ ಒತ್ತಡ ಏರಿಸಿ ಪವರ್ ಜಾಸ್ತಿ ಮಾಡುವುದು ಅಷ್ಟೇ ಅದು. ಹಳೆಯ ಸಾಫ್ಟ್‌ವೇರನ್ನು ವಾಪಸ್ ಹಾಕಬಹುದು. ಅಷ್ಟು ದಿನ ಸವೆದ ಕ್ಲಚ್ ವಾಪಸ್ ಬರುತ್ತದಾ? ಎಷ್ಟು ಕಿ.ಮೀ. ಹಾಗೆ ಓಡಿಸಿದರು, ಆಗ ಆಯಿಲ್ ಯಾವಾಗ ಯಾವಾಗ ಬದಲಿಸಿದರು, ಬಿಲ್ ಇದೆಯಾ ಎಂದು ಕೇಳಿ. ಅವರಾಗಿಯೇ ಹೇಳಿದ್ದಾರಲ್ಲ, ಅದು ಒಳ್ಳೆಯ ಲಕ್ಷಣ.

ನೋಡಲು ಬೆಳಿಗ್ಗೆ ಬೇಗ ಹೋಗಿ. ಮೊದಲು ಬಾನೆಟ್ ಮೇಲೆ ಕೈ ಇಡಿ. ಒಮ್ಮೆ ಗೆಳೆಯನಿಗಾಗಿ ಒಂದು ಟರ್ಬೊ ಕಾರು ನೋಡಲು ಹೋಗಿದ್ದೆ. ಬೆಳಿಗ್ಗೆ ಏಳು ಗಂಟೆ, ಬಾನೆಟ್ ಬಿಸಿ ಇತ್ತು. ‘ಹಾಲು ತರಲು ಹೋಗಿದ್ದೆ’ ಎಂದರು ಮಾಲೀಕರು. ಸುಮ್ನೆ ವಾಪಸ್ ಬಂದು ಮಾರನೇ ದಿನ ಆರಕ್ಕೇ ಹೋದೆವು. ಸ್ಟಾರ್ಟ್ ಮಾಡಿದ ತಕ್ಷಣ ಸೈಲೆನ್ಸರ್‌ನಿಂದ ನೀಲಿ ಹೊಗೆ. ಎಂಜಿನ್ ಆಯಿಲ್ ಸುಡುತ್ತಿತ್ತು. ಬಿಸಿಯಾದ ಎಂಜಿನ್‌ನಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ಈ ಕಾರಿನಲ್ಲಿ ನಿಜವಾದ ಖರ್ಚು ಇರುವುದು ಗೇರ್‌ಬಾಕ್ಸ್‌ನಲ್ಲಿ. ಇದರದ್ದು ಡ್ರೈ ಕ್ಲಚ್, ಒಂದಲ್ಲ, ಎರಡು. ಆಯಿಲ್‌ನಲ್ಲಿ ಮುಳುಗಿರುವುದಿಲ್ಲ. ಹಾಗಾಗಿ ಟ್ರಾಫಿಕ್‌ನಲ್ಲಿ ತೆವಳುವಾಗ ಬಿಸಿ ಏರಿ ಬೇಗ ಸವೆಯುತ್ತವೆ. ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡಿದ ಕಾರಾದರೆ ಇನ್ನೂ ಜಾಗ್ರತೆ ಬೇಕು. ಖಾಲಿ ರಸ್ತೆಯಲ್ಲಿ ಒಂದು ರೌಂಡ್ ಹೊಡೆದು ಒಪ್ಪಬೇಡಿ. ಅರ್ಧ ಗಂಟೆ ಓಡಿಸಿ, ಆಮೇಲೆ ಬೇಕೆಂದೇ ಟ್ರಾಫಿಕ್‌ಗೆ ನುಗ್ಗಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಕಾರು ನಡುಗುತ್ತದಾ? ಏರಿನಲ್ಲಿ ರಿವರ್ಸ್ ಹಾಕಿದರೆ ಜರ್ಕ್ ಹೊಡೆಯುತ್ತದಾ? ಮೀಟರ್‌ನಲ್ಲಿ ಗೇರಿನ ಅಕ್ಷರ ಮಿಣುಕಿದರೆ ಅಲ್ಲಿಗೇ ಬಿಟ್ಟುಬಿಡಿ. ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಮೆಕಟ್ರಾನಿಕ್ ಯೂನಿಟ್ ಹೋದರೆ ಖರ್ಚು ಲಕ್ಷದ ಲೆಕ್ಕದಲ್ಲಿ.

ಈ ಕಂಪನಿಯ ಕಾರುಗಳನ್ನು ಬಲ್ಲ ಮೆಕ್ಯಾನಿಕ್‌ನಿಂದ ಸ್ಕ್ಯಾನ್ ಮಾಡಿಸಿ. ಒಂದೂ ಎರರ್ ಕೋಡ್ ಇಲ್ಲ ಎಂದಾಕ್ಷಣ ಖುಷಿಪಡಬೇಡಿ. ಹಿಂದಿನ ದಿನ ಅಳಿಸಿರಬಹುದು. ‘ರೆಡಿನೆಸ್ ಮಾನಿಟರ್’ಗಳು, ಅಂದರೆ ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು, ಪೂರ್ತಿಯಾಗಿವೆಯಾ ನೋಡಲು ಹೇಳಿ. ಕೋಡ್ ಅಳಿಸಿದ ಮೇಲೆ ಅವು ಮತ್ತೆ ಪೂರ್ತಿಯಾಗಲು ಒಂದಿಷ್ಟು ಓಡಿಸಲೇಬೇಕು.

ಫೆಂಡರ್ (ಮುಂದಿನ ಚಕ್ರದ ಮೇಲಿನ ಪ್ಯಾನೆಲ್) ಬೋಲ್ಟ್‌ಗಳ ಪೇಂಟ್ ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಯಾಕೆ ಎಂದು ಕೇಳಿ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ನೋಡಿಸಬೇಕು.

ಕಾಗದಪತ್ರದಲ್ಲಿ ಆರ್‌ಸಿ, ಇನ್ಶೂರೆನ್ಸ್, ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಬೇಕು. ಸೈಲೆನ್ಸರ್ ಬದಲಿಸಿದ್ದರೆ ಕಂಪನಿಯದ್ದನ್ನೇ ಹಾಕಿಸಿ ಕೊಡಲು ಹೇಳಿ. ಇಲ್ಲದಿದ್ದರೆ ನಾಳೆ ಪೊಲೀಸರಿಗೂ ಇನ್ಶೂರೆನ್ಸ್‌ನವರಿಗೂ ನೀವೇ ಉತ್ತರ ಕೊಡಬೇಕು. ಇನ್ನು ಪುಣೆ ಗಾಡಿಯಾದ್ದರಿಂದ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಹೊಸದಾಗಿ ಕಟ್ಟಬೇಕು. ಅಲ್ಲಿ ಕಟ್ಟಿದ್ದರಲ್ಲಿ ಒಂದಿಷ್ಟು ವಾಪಸ್ ಕೇಳಬಹುದು, ಆದರೆ ಓಡಾಟ ಜಾಸ್ತಿ. ಮೈಸೂರು ಆರ್‌ಟಿಒದಲ್ಲಿ ಆ ಟ್ಯಾಕ್ಸ್ ಎಷ್ಟಾಗುತ್ತದೆ ಎಂದು ಮೊದಲೇ ತಿಳಿದುಕೊಂಡು, ಅದನ್ನು ಕಳೆದೇ ಮಾಲೀಕರ ಜೊತೆ ರೇಟು ಮಾತಾಡಿ.