ಬಿಳಿ ನಾಲ್ಕು ಅಂತ ಹೇಳಿ ಕೆಟ್ಟವನ ಉತ್ತರ

ಹದಿಮೂರು ವರ್ಷದಿಂದ ಓಡುತ್ತಿರುವ ಹಾಡಿನ ನಾಟಕ, ಮುಖ್ಯ ಪಾತ್ರದವರು ಬಿಟ್ಟಿದ್ದಾರೆ, ಪಾತ್ರ ನಿಮಗೆ ಬಂದಿದೆ, ಅವರ ಹಾಗೇ ಮಾಡಬೇಕಾ ಇಲ್ಲ ನಿಮ್ಮ ಹಾಗೆ ಮಾಡಬೇಕಾ. ಇಷ್ಟೇ ಅಲ್ವಾ ಪ್ರಶ್ನೆ? ಓದಿದ ಕೂಡಲೇ ನನ್ನ ಗಂಟಲು ಕಟ್ಟಿದಂತಾಯಿತು. 2012ರ ಡಿಸೆಂಬರಿನಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಸಿಕ್ಕಸಿಕ್ಕವರ ತಲೆ ತಿಂದಿದ್ದೆ. ಎಲ್ಲರೂ ಒಂದೊಂದು ಉತ್ತರ ಕೊಟ್ಟರು. ಯಾರೂ ಶ್ರುತಿ ಬಗ್ಗೆ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ ಬಗ್ಗೆ, ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾಟಕದ ಹೆಸರು ಹೇಳಲ್ಲ. ಹೇಳಿದರೆ ತಂಡ ಯಾವುದು ಅಂತ ಗೊತ್ತಾಗುತ್ತದೆ, ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಬೆಂಗಳೂರಿನ ಹವ್ಯಾಸಿ ತಂಡ. 1996ರಿಂದ ನಡೆಯುತ್ತಿದ್ದ ನಾಟಕ. ಹಾಡುತ್ತಾ ಕಥೆ ನಡೆಸುವ ಭಾಗವತನ ಪಾತ್ರ ಒಂದಿದೆ, ಮೊದಲಿಂದ ಕೊನೆವರೆಗೂ ರಂಗದ ಮೇಲೇ ಇರುತ್ತಾನೆ. ಹದಿನಾಲ್ಕು ಹಾಡಿನಲ್ಲಿ ಹನ್ನೊಂದು ಅವನದು. ಅದನ್ನು ಹದಿನಾರು ವರ್ಷ ಒಬ್ಬರೇ ಮಾಡಿದ್ದರು. ಹೈಸ್ಕೂಲು ಮೇಷ್ಟ್ರು, ನಾವೆಲ್ಲ ಮೇಷ್ಟ್ರೇ ಅಂತಲೇ ಕರೆಯುತ್ತಿದ್ದೆವು. ಅವರಿಗೆ ಮಂಡಿ ನೋವು ಜಾಸ್ತಿಯಾಗಿ ಪುಣೆಯಲ್ಲಿದ್ದ ಮಗನ ಮನೆಗೆ ಹೊರಟರು. ನಾನು 2006ರಿಂದ ಮೇಳದಲ್ಲಿದ್ದೆ, ಅಂದರೆ ಒಟ್ಟಿಗೆ ಹಾಡುವ ಗುಂಪಿನಲ್ಲಿ. ಎಲ್ಲ ಹಾಡೂ ಬಾಯಿಗೆ ಬರುತ್ತಿತ್ತು, ಮಾತೂ ಬರುತ್ತಿತ್ತು. ಹಾಸನ, ಶಿವಮೊಗ್ಗ, ಸಾಗರ ಅಂತ ಮೂರು ಶೋ ಒಪ್ಪಿಕೊಂಡಾಗಿತ್ತು. ಹತ್ತೊಂಬತ್ತು ದಿನ ಇತ್ತು. "ನೀನೇ ಮಾಡು" ಅಂದರು.

ಇಲ್ಲಿಂದ ನಾನು ಮಾಡಿದ ತಪ್ಪು ಶುರು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ನಮ್ಮ ಹತ್ತಿರ ನಾಟಕದ ಒಂದು ವಿಡಿಯೋ ಇತ್ತು, 2004ರದು. ಯಾರೋ ಮದುವೆ ವಿಡಿಯೋ ಮಾಡುವವರ ಹತ್ತಿರ ತೆಗೆಸಿದ್ದು. ಮೇಷ್ಟ್ರು ಅದರಲ್ಲಿ ಹುಲಿ. ನಾನು ಆ ಸಿ.ಡಿ.ಯನ್ನು ಕಡಿಮೆ ಅಂದರೂ ಮೂವತ್ತು ಸಲ ನೋಡಿದೆ. ಅವರು ಎಲ್ಲಿ ಕೈ ಎತ್ತುತ್ತಾರೆ, ಎಲ್ಲಿ ಕೋಲು ಕುಟ್ಟುತ್ತಾರೆ, ಎಲ್ಲಿ ಉಸಿರು ತಗೊಳ್ಳುತ್ತಾರೆ, ಎಲ್ಲ ಬರೆದುಕೊಂಡೆ. ಆಮೇಲೆ ಮನೆಯಲ್ಲಿದ್ದ ಶ್ರುತಿಪೆಟ್ಟಿಗೆ ಹಚ್ಚಿ ಅವರ ಶ್ರುತಿ ಕಂಡುಹಿಡಿದೆ. ಬಿಳಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆ. ದೊಡ್ಡ ಸಂಶೋಧನೆ ಮಾಡಿದವನ ಹಾಗೆ ಮೊದಲನೇ ತಾಲೀಮಿಗೆ ಹೋಗಿ ನಮ್ಮ ಹಾರ್ಮೋನಿಯಂ ರಾಯರಿಗೆ ನಾನೇ ಹೇಳಿದೆ: "ಬಿಳಿ ನಾಲ್ಕೇ ಇರಲಿ ಸಾರ್." ರಾಯರು ಕನ್ನಡಕದ ಮೇಲಿಂದ ಒಂದು ಸಲ ನೋಡಿದರು. "ಸರಿ" ಅಂದರು. ಬಾರಿಸಿದರು.

ಸಂಗೀತ ಗೊತ್ತಿಲ್ಲದವರಿಗೆ ಎರಡು ಮಾತು. ನನ್ನ ಗಂಟಲಿನ ಶ್ರುತಿ ಕಪ್ಪು ಒಂದು. ಅಲ್ಲಿಂದ ಬಿಳಿ ನಾಲ್ಕಕ್ಕೆ ಹಾರ್ಮೋನಿಯಂನಲ್ಲಿ ನಾಲ್ಕು ಮನೆ ಮೇಲೆ ಹೋಗಬೇಕು. ಕೂತು ಹಾಡಿದರೆ ಹೇಗೋ ಎಳೆಯಬಹುದು. ಆದರೆ ಮೂರನೇ ಹಾಡಿನಲ್ಲಿ ತಾರ ಸ್ಥಾಯಿಯ ಗಾಂಧಾರ, ಅಂದರೆ ಮೇಲಿನ ಸ್ಥಾಯಿಯ 'ಗ' ಸ್ವರ, ಮುಟ್ಟಿ ಅಲ್ಲೇ ನಿಲ್ಲಬೇಕು, ಕುಣಿದು ಬಂದ ಮೇಲೆ, ಒಂದು ಉಸಿರಿನಲ್ಲಿ.

ಹಾಗಾದರೆ ಆರು ವರ್ಷ ಮೇಳದಲ್ಲಿ ಹೇಗೆ ಹಾಡಿದೆ ಅಂತ ಕೇಳುತ್ತೀರಿ. ಹಾಡಿರಲಿಲ್ಲ. ಅದೇ ನಾಚಿಕೆಯ ವಿಷಯ. ಮೇಳದಲ್ಲಿ ಎಂಟು ಜನ ಇರುತ್ತೇವೆ. ಮೇಲಿನ ಸ್ವರ ಬಂದಾಗ ನಾನು ಸುಮ್ನೆ ಬಾಯಿ ಆಡಿಸುತ್ತಿದ್ದೆ, ಇಲ್ಲ ಕೆಳಗಿನ ಸ್ಥಾಯಿಗೆ ಇಳಿದುಬಿಡುತ್ತಿದ್ದೆ. ಪಕ್ಕದವರ ದನಿ ಕಿವಿಗೆ ಬೀಳುತ್ತಿತ್ತು, ನಾನೇ ಹಾಡಿದೆ ಅನ್ನಿಸುತ್ತಿತ್ತು. ಬೇಕಂತ ಮೋಸ ಮಾಡಿದ್ದಲ್ಲ. ನನಗೇ ಗೊತ್ತಿರಲಿಲ್ಲ. ಮೇಳದಿಂದ ಮುಖ್ಯ ಪಾತ್ರಕ್ಕೆ ಬರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತೇ ಬಾಗಿಲು ಹಾಕಿಕೊಂಡು ಒಬ್ಬರೇ ನಿಂತು ಪೂರ್ತಿ ದನಿಯಲ್ಲಿ ಹಾಡಿ ನೋಡಿ. ಕೂತು ಅಲ್ಲ, ನಿಂತು.

ತಾಲೀಮಿನಲ್ಲಿ ಯಾಕೆ ಗೊತ್ತಾಗಲಿಲ್ಲ? ಬಸವನಗುಡಿಯ ಒಂದು ಶಾಲೆಯ ಕೋಣೆ, ಸಂಜೆ ಏಳರ ಮೇಲೆ. ಅಕ್ಕಪಕ್ಕ ಮನೆಗಳು. ಯಾರೂ ಜೋರಾಗಿ ಹಾಡುತ್ತಿರಲಿಲ್ಲ. ನಾನಂತೂ "ಶೋಗೆ ಗಂಟಲು ಉಳಿಸಿಕೊಳ್ತಿದ್ದೀನಿ" ಅಂತ ಅರ್ಧ ದನಿಯಲ್ಲಿ ಹಾಡುತ್ತಿದ್ದೆ, ಮೇಲಿನದು ಬಂದಾಗ ಕಳ್ಳದನಿ, ಅಂದರೆ ಬಲವಿಲ್ಲದ ತೆಳು ದನಿ, ಹಾಕುತ್ತಿದ್ದೆ. ಅದು ಕೋಣೆಯಲ್ಲಿ ಚೆನ್ನಾಗೇ ಕೇಳಿಸುತ್ತಿತ್ತು. ನಿರ್ದೇಶಕರು "ಥೇಟ್ ಮೇಷ್ಟ್ರ ಹಾಗೇ ಇದೆ ಕಣೋ" ಅಂದರು. ಆ ಒಂದು ಮಾತಿಗೆ ನಾನು ಮೂರು ದಿನ ನೆಲದ ಮೇಲೆ ನಡೆಯಲಿಲ್ಲ.

ಹಾಸನ. ಬೆಳಿಗ್ಗೆ ವ್ಯಾನಿನಲ್ಲಿ ಹೋದೆವು, ಕಿಟಕಿ ಗಾಳಿ, ದಾರಿಯಲ್ಲಿ ಮದ್ದೂರು ವಡೆ ಬೇರೆ ಇಲ್ಲದಿದ್ದರೂ ಯಾವುದೋ ಎಣ್ಣೆ ಬೋಂಡಾ. ಮೊದಲೆರಡು ಹಾಡು ಹೋಯಿತು. ಮೂರನೆಯದರಲ್ಲಿ ಕುಣಿದು ಬಂದು ಗಾಂಧಾರಕ್ಕೆ ಬಾಯಿ ತೆಗೆದೆ. ಗಾಳಿ ಬಂತು, ಸ್ವರ ಬರಲಿಲ್ಲ. ಅಭ್ಯಾಸಬಲ ನೋಡಿ, ಮೇಳದಲ್ಲಿ ಮಾಡುತ್ತಿದ್ದ ಹಾಗೆ ಟಪಕ್ಕನೆ ಕೆಳಗಿನ ಸ್ಥಾಯಿಗೆ ಬಿದ್ದೆ. ಮೇಳದಲ್ಲಿ ಅರ್ಧ ಜನ ನನ್ನ ಜೊತೆ ಕೆಳಗೆ ಬಂದರು, ಅರ್ಧ ಜನ ಮೇಲೇ ಉಳಿದರು. ತಬಲಾದವನು ಯಾರ ಕಡೆ ಹೋಗಬೇಕೋ ತಿಳಿಯದೆ ಕೈ ನಿಲ್ಲಿಸಿದ.

ಅಷ್ಟೇ ಆಗಿದ್ದರೆ ಬಿಡಿ. ಆ ಗಾಂಧಾರ ಬರೀ ಸ್ವರ ಆಗಿರಲಿಲ್ಲ. ಅದು ಲೈಟಿನವರ ಗುರುತು. ಮೇಷ್ಟ್ರು ಅದನ್ನು ಎಳೆದು ಎಳೆದು ಬಿಡುವ ಹೊತ್ತಿಗೆ ಕತ್ತಲಾಗುತ್ತಿತ್ತು, ಕತ್ತಲಲ್ಲಿ ರಾಣಿ ತನ್ನ ಪೀಠ ತಾನೇ ಎತ್ತಿಕೊಂಡು ಬಂದು ಕೂರುತ್ತಿದ್ದಳು, ಬೆಳಕು ಬಂದಾಗ ಆಗಲೇ ಸಿಂಹಾಸನದ ಮೇಲೆ. ನಾನು ಎಳೆಯಲಿಲ್ಲ, ಲೈಟಿನವನು ಕಾಯುತ್ತಲೇ ಇದ್ದ. ರಾಣಿ ಎಂದಿನ ಎಣಿಕೆಯಲ್ಲಿ ಹೊರಟಳು. ಝಗಝಗ ಬೆಳಕಿನಲ್ಲಿ ಕಿರೀಟ ಹಾಕಿಕೊಂಡ ಮಹಾರಾಣಿ ಸ್ಟೂಲು ಹೊತ್ತುಕೊಂಡು ರಂಗದ ನಡುವೆ ಬಂದು ನಿಂತಳು. ಹಾಸನದ ಜನ ತುಂಬಾ ನಕ್ಕರು. ಅವರ ತಪ್ಪಲ್ಲ.

ಅರ್ಧಕ್ಕೆ ನನ್ನ ದನಿ ಪೂರ್ತಿ ಹೋಯಿತು. ಉಳಿದ ಐದು ಹಾಡನ್ನು ರಾಯರು ಹಾರ್ಮೋನಿಯಂ ಮುಂದೆ ಕೂತು ಹಾಡಿದರು, ನಾನು ಬಾಯಿ ಆಡಿಸಿದೆ. ಅದರಲ್ಲಿ ನನಗೆ ಆರು ವರ್ಷದ ಅನುಭವ ಇತ್ತಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ರಾಯರು ನನ್ನ ಪಕ್ಕ ಕೂತರು. ಬಹಳ ಹೊತ್ತು ಮಾತಿಲ್ಲ. ಚನ್ನರಾಯಪಟ್ಟಣ ದಾಟಿದ ಮೇಲೆ ಹೇಳಿದರು: "ಮೇಷ್ಟ್ರಿಗೇ ಬಿಳಿ ನಾಲ್ಕು ಆಗ್ತಿರಲಿಲ್ಲ ಕಣಯ್ಯ. ನಾಲ್ಕು ವರ್ಷದಿಂದ ಕಪ್ಪು ಎರಡಕ್ಕೆ ಇಳಿಸಿದ್ದೆ. ಯಾರಿಗೂ ಹೇಳಬೇಡಿ ಅಂತ ಕೈ ಹಿಡ್ಕೊಂಡಿದ್ರು. ನೀನು ಬಂದು ಬಿಳಿ ನಾಲ್ಕು ಅಂದೆ. ವಯಸ್ಸಿದೆ, ಇರಬಹುದು ಅಂದ್ಕೊಂಡೆ."

ಅರ್ಥ ಆಯಿತಾ? ಮೇಷ್ಟ್ರೇ ಬಿಟ್ಟುಬಿಟ್ಟಿದ್ದ ಮೇಷ್ಟ್ರನ್ನು ನಾನು ಅನುಕರಣೆ ಮಾಡುತ್ತಿದ್ದೆ. ಇಳಿಸಿದಾಗ ನಾನು ಅಲ್ಲೇ, ಹತ್ತಡಿ ದೂರದಲ್ಲಿ, ಮೇಳದಲ್ಲಿ ಕೂತಿದ್ದೆ. ಗೊತ್ತೇ ಆಗಿರಲಿಲ್ಲ. "ನಂಗೆ ಯಾಕೆ ಹೇಳಲಿಲ್ಲ ಸಾರ್" ಅಂದೆ, ಅಂದರೆ ಪಿಸುಗುಟ್ಟಿದೆ. "ನೀನು ಕೇಳಲಿಲ್ಲವಲ್ಲ, ನೀನೇ ಹೇಳಿದೆ" ಅಂದರು.

ಡಾಕ್ಟರು ಧ್ವನಿತಂತು ಊದಿದೆ, ಮೂರು ವಾರ ಮಾತೇ ಆಡಬೇಡ ಅಂದರು. ಶಿವಮೊಗ್ಗ ಮುಂದಕ್ಕೆ ಹೋಯಿತು, ಸಾಗರ ರದ್ದಾಯಿತು. ಪಾತ್ರ ಮೇಳದಲ್ಲಿದ್ದ ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ಹೋಯಿತು. ಭಾಗವತನ ಪಾತ್ರಕ್ಕೆ ಹುಡುಗಿಯಾ ಅಂತ ಇಬ್ಬರು ಹಿರಿಯರು ಮುಖ ಗಂಟು ಹಾಕಿಕೊಂಡರು. ನಾನೂ ಒಳಗೊಳಗೇ ಹಾಕಿಕೊಂಡೆ ಅನ್ನಿ. ಅವಳು ಮೊದಲನೇ ತಾಲೀಮಿನಲ್ಲಿ ಕೇಳಿದ ಮೊದಲನೇ ಮಾತು: "ಸರ್, ಇದು ನಂಗೆ ತುಂಬಾ ಕೆಳಗೆ, ಏರಿಸ್ತೀರಾ?" ರಾಯರು ಬಿಳಿ ಐದಕ್ಕೆ ಏರಿಸಿದರು. ತಬಲಾದವನು ಇನ್ನೊಂದು ತಬಲಾ ತಂದ, ಕೊಳಲಿನವನು ಬೇರೆ ಕೊಳಲು ತಂದ. ಎರಡು ಹಾಡಿನಲ್ಲಿ ಮೇಳದ ಗಂಡಸರು ಸುಮ್ಮನಾಗಿ ಹೆಂಗಸರೇ ಎತ್ತಿಕೊಂಡರು. ಲೈಟಿನವನ ಗುರುತನ್ನು ಸ್ವರದಿಂದ ತೆಗೆದು ಕೋಲು ಕುಟ್ಟುವುದಕ್ಕೆ ಹಾಕಿದರು. ನಾಲ್ಕು ಸಂಜೆಯ ಕೆಲಸ. ಅವಳು ಅದನ್ನು ಏಳು ವರ್ಷ ಮಾಡಿದಳು. ಮೇಷ್ಟ್ರ ಹಾಗೆ ಇರಲಿಲ್ಲ. ಯಾರೂ ದುಡ್ಡು ವಾಪಸ್ ಕೇಳಲಿಲ್ಲ.

ಆಗ ನನಗೆ ಸಮಾಧಾನ ಹೇಳಲು ಎಲ್ಲರೂ ಹೇಳುತ್ತಿದ್ದ ಕಥೆ ಒಂದೇ. ನಟ ಚಂದ್ರು ಅವರಿಗೆ 'ಮುಖ್ಯಮಂತ್ರಿ' ನಾಟಕದ ಪಾತ್ರ ಬಂದದ್ದೂ ಬದಲಿಯಾಗಿಯೇ, ಮಾಡಬೇಕಿದ್ದವರು ಲೋಹಿತಾಶ್ವ, ಆ ಪಾತ್ರವೇ ಆಮೇಲೆ ಅವರ ಹೆಸರಿನ ಮುಂದೆ ಅಂಟಿಕೊಂಡಿತು, ಅಂತ. ಕಥೆ ನಿಜ. ಆದರೆ ಆ ಮುಖ್ಯಮಂತ್ರಿ ತಾರ ಗಾಂಧಾರ ಹಿಡಿಯಬೇಕಿರಲಿಲ್ಲ. ನನಗೆ ಹೇಳಬೇಕಿದ್ದ ಉದಾಹರಣೆ ಬೇರೆ. 'ಸದಾರಮೆ' ನಾಟಕದ ಕಳ್ಳ. ಗುಬ್ಬಿ ವೀರಣ್ಣನವರು ಹೆಸರು ಮಾಡಿದ ಪಾತ್ರ. ಅದನ್ನು ಮುಂದೆ ಅವರ ಮೊಮ್ಮಗಳು ಬಿ. ಜಯಶ್ರೀ ಮಾಡಿದರು. ಹೆಂಗಸು, ಬೇರೆಯದೇ ಕಂಠ. ಹೋಲಿಕೆಗೆ ಅದಕ್ಕಿಂತ ದೊಡ್ಡ ಭಾರ ಯಾರ ತಲೆ ಮೇಲಿರುತ್ತದೆ ಹೇಳಿ?

ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. 2017ರಲ್ಲಿ ಹೋದಾಗ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 'ಫ್ಯಾಂಟಮ್ ಆಫ್ ದಿ ಆಪೆರಾ' ಅನ್ನುವ ಹಾಡಿನ ನಾಟಕ ನೋಡಿಸಿದಳು. 1988ರಿಂದ 2023ರವರೆಗೆ ಅಲ್ಲಿ ನಡೆದದ್ದು 13,981 ಪ್ರದರ್ಶನ. ವಾರಕ್ಕೆ ಎಂಟು ಶೋ. ನಾಯಕಿ ಕ್ರಿಸ್ಟೀನ್ ಪಾತ್ರದಾಕೆ ಎಂಟನ್ನೂ ಹಾಡುತ್ತಿರಲಿಲ್ಲ, ಎರಡಕ್ಕೆ ಇನ್ನೊಬ್ಬಳು ಇರುತ್ತಿದ್ದಳು, ಒಪ್ಪಂದದಲ್ಲೇ. ಮೇಳದ ಹಲವು ಜಾಗಗಳನ್ನು ಒಬ್ಬರೇ ಕಲಿತು ಕಾಯುವವರಿಗೆ 'ಸ್ವಿಂಗ್' ಅಂತ ಹೆಸರೇ ಇದೆ. ಯಾರಾದರೂ ಬದಲಾದರೆ ಕಾರ್ಯಕ್ರಮದ ಪುಸ್ತಿಕೆಯಲ್ಲಿ ಒಂದು ಚೀಟಿ, ಇವತ್ತು ಈ ಪಾತ್ರ ಇವರು ಅಂತ. ಅಷ್ಟೇ. ಕ್ಷಮೆ ಇಲ್ಲ, ವಿಷಾದ ಇಲ್ಲ. ನಮ್ಮಲ್ಲಿ ಬದಲಿ ಅಂದರೆ ಸ್ಟೆಪ್ನಿ, ಪಂಕ್ಚರ್ ಆದ ಮೇಲೆ ಗಾಳಿ ಇದೆಯಾ ಅಂತ ನೋಡುತ್ತೇವೆ. ಹಾಸನದಲ್ಲಿ ಪರದೆ ಏಳುವ ಮುಂಚೆ ನಮ್ಮವರು ಮೈಕಿನಲ್ಲಿ "ಅನಿವಾರ್ಯ ಕಾರಣಗಳಿಂದ" ಅಂತ ಶುರುಮಾಡಿದ್ದರು. ನಿಮ್ಮ ತಂಡ ಹಾಗೆ ಮಾಡಲು ಹೊರಟರೆ ದಯವಿಟ್ಟು ಬೇಡ ಅನ್ನಿ. ಹೆಸರು ಹೇಳಿದರೆ ಸಾಕು.

ಇನ್ನು ನಿಮ್ಮ ಪ್ರಶ್ನೆ. ಅವರ ಹಾಗಾ, ನನ್ನ ಹಾಗಾ. ಕೋಪ ಮಾಡಿಕೊಳ್ಳಬೇಡಿ, ಆದರೆ ಅದು ಪ್ರಶ್ನೆಯೇ ಅಲ್ಲ. ಅವರು ಹದಿಮೂರು ವರ್ಷ ಒಂದೇ ಥರ ಮಾಡಿರುವುದಿಲ್ಲ. ನೀವು ನೋಡಿರುವುದು ಯಾವ ವರ್ಷದ 'ಅವರು'? ನಿಮ್ಮ ಹಾಗೆ ಅನ್ನುವುದೂ ಈಗಲೇ ಇರುವುದಿಲ್ಲ, ಹತ್ತು ಶೋ ಆದ ಮೇಲೆ ಗೊತ್ತಾಗುತ್ತದೆ. ಈಗ ಇರುವುದು ನಿಮ್ಮ ಗಂಟಲು, ನಿಮ್ಮ ಕಾಲು, ಮತ್ತು ನಿಮ್ಮ ಸ್ವರ ನೋಡಿ ಒಳಗೆ ಹೊರಗೆ ಓಡಾಡುವ ಹದಿನೈದು ಜನ. ಬಿಟ್ಟು ಹೋದವರಿಗೆ ಫೋನ್ ಮಾಡಿ ಅಭಿನಯದ ಬಗ್ಗೆ ಏನೂ ಕೇಳಬೇಡಿ. ನಿಮಗೆ ಯಾವ ಹಾಡು ಕಷ್ಟ ಆಗ್ತಿತ್ತು, ಅದನ್ನ ಹೇಗೆ ತಪ್ಪಿಸ್ಕೊಳ್ತಿದ್ರಿ ಅಂತ ಕೇಳಿ. ಮೇಷ್ಟ್ರಿಗೆ ನಾನು ಈ ಮಾತು ಕೇಳಿದ್ದು ಎಲ್ಲ ಮುಗಿದ ಮೇಲೆ. ಅರ್ಧ ಗಂಟೆ ಹೇಳಿದರು, ನಕ್ಕರು, ಒಂದೆರಡು ಹಾಡಿ ತೋರಿಸಿದರು. ಫೋನಿನಲ್ಲಿ ಕೇಳಿದರೆ ಕಪ್ಪು ಎರಡೂ ಇರಲಿಲ್ಲ, ಇನ್ನೂ ಕೆಳಗಿತ್ತು.

ಲೈಟಿನವರ ಹತ್ತಿರ ಕೂತು ನಿಮ್ಮ ಯಾವ ಮಾತಿಗೆ, ಯಾವ ಸ್ವರಕ್ಕೆ ಅವರು ಕೈ ಆಡಿಸುತ್ತಾರೆ ಅಂತ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ. ವೇಷ ಹಾಕಿಕೊಂಡು, ಪೂರ್ತಿ ದನಿಯಲ್ಲಿ, ಒಂದಾದರೂ ತಾಲೀಮು ಮಾಡಿಸಿ. ಇಲ್ಲ ಅಂದರೆ ಜಗಳ ಆಡಿ. ಆದರೆ ಎಲ್ಲಕ್ಕಿಂತ ಮುಂಚೆ ಇವತ್ತು ಸಂಜೆ ನಿಮ್ಮ ಹಾರ್ಮೋನಿಯಂನವರ ಮನೆಗೆ ಒಬ್ಬರೇ ಹೋಗಿ. ಶ್ರುತಿ ಹೇಳಬೇಡಿ, ಕೇಳಿ. ವಿಡಿಯೋ ಇದ್ದರೆ ಅದು ಯಾವ ವರ್ಷದ್ದು ಅಂತಲೂ ಕೇಳಿ.